ಐದನೇ ಮಡಿಯ ಅರವತ್ತಮೂರು ಸಸಿಗಳು

ಬೆಳಗಿನ ಐದೂಮುಕ್ಕಾಲು. ನರ್ಸರಿಯ ಕಾವಲುಗಾರ ಇನ್ನೂ ಹಲ್ಲುಜ್ಜುತ್ತಿದ್ದಾನೆ. ಐದನೇ ಮಡಿಯ ಮುಂದೆ ಕುಕ್ಕರಗಾಲಲ್ಲಿ ಕೂತ ನರ್ಸರಿ ಕೆಲಸದ ಅಕ್ಕ ಒಂದು ಸಸಿಯ ಚೀಲವನ್ನು ಎಡಕ್ಕಿಡುತ್ತಾರೆ, ತೆಗೆದು ಬಲಕ್ಕಿಡುತ್ತಾರೆ, ಸಮಾಧಾನವಾಗದೆ ಅದನ್ನೇ ಎತ್ತಿಕೊಂಡು ಬೆಳಕಿದ್ದ ಕಡೆ ನಡೆಯುತ್ತಾರೆ. ನಾಲ್ಕು ಹೆಜ್ಜೆ ಹೋಗಿ ವಾಪಸ್ಸು ಬರುತ್ತಾರೆ. ಒಂಬತ್ತಕ್ಕೆ ಲಾರಿ ಬರುತ್ತದೆ. ಅಷ್ಟರೊಳಗೆ ಈ ಮಡಿಯ ಸಾವಿರದ ಆರುನೂರು ಅಕೇಶಿಯಾ ಸಸಿಗಳಲ್ಲಿ ಯಾವುದು ಯಾವ ಜಾತಿಯದೆಂದು ಅವರು ಬೇರ್ಪಡಿಸಿ ಮುಗಿಸಬೇಕು.

ಜತೆಗಾರರು ಅವರಿಗಿಟ್ಟ ಹೆಸರು ಭೂತಗನ್ನಡಿ. ಹದಿನೆಂಟು ವರ್ಷದ ಹಿಂದೆ ಚೀಲಕ್ಕೆ ಮಣ್ಣು ತುಂಬುವ ಕೆಲಸಕ್ಕೆ ಬಂದವರು. ಈಗಲೂ ದಿನಕ್ಕೆ ಆರುನೂರು ಚೀಲ ತುಂಬುತ್ತಾರೆ, ನಲವತ್ತು ಕ್ಯಾನ್ ನೀರು ಹೊರುತ್ತಾರೆ. ಇದರ ನಡುವೆಯೇ ಇಪ್ಪತ್ತೊಂದು ಬಗೆಯ ಅಕೇಶಿಯಾ ಮರ, ಪೊದೆಗಳನ್ನು ಮುಳ್ಳು, ತೊಟ್ಟು, ಕಾಯಿಯ ಸುರುಳಿ ನೋಡಿ ಗುರುತಿಸಲು ಕಲಿತಿದ್ದಾರೆ. ಕಲಿಸಿದವರು ಯಾರೂ ಇಲ್ಲ. ಹಾಜರಿ ಪುಸ್ತಕದಲ್ಲಿ ಇಂದಿಗೂ ಅವರು 'ಮಣ್ಣು ತುಂಬುವವರು'. ತರಬೇತಿಗೆ ಬರುವ ಹುಡುಗಿಯರು ಗಿಡಗಳ ಉದ್ದುದ್ದ ಹೆಸರಿನ ಚೀಟಿ ಹಿಡಿದು ಇವರನ್ನೇ ಹುಡುಕಿಕೊಂಡು ಬರುತ್ತಾರೆ.

"ಆ ಹೆಸರೆಲ್ಲ ನನ್ನ ನಾಲಿಗೆಗೆ ಹತ್ತಲ್ಲ. ಗಿಡ ಮಾತ್ರ ಒಂದ್ಸಲ ನೋಡಿದ್ರೆ ಮರೆಯಲ್ಲ," ಎನ್ನುತ್ತಾರೆ.

ಈ ಸಲದ ಎಡವಟ್ಟು ಅವರದೇ. ಅದನ್ನು ಮುಚ್ಚಿಡುವುದಿಲ್ಲ. ಅಕೇಶಿಯಾ ಬೀಜದ ಸಿಪ್ಪೆ ಬಲು ಗಟ್ಟಿ. ಕುದಿನೀರು ಸುರಿದು ಒಂದು ದಿನ ನೆನೆಸಬೇಕು. ಉಬ್ಬಿದ ಬೀಜ ಬಿತ್ತನೆಗೆ. ಉಬ್ಬದೆ ಉಳಿದದ್ದಕ್ಕೆ ಇನ್ನೊಂದು ಸಲ ಕುದಿನೀರು. ಹಾಗೆ ಉಳಿದ ಎರಡು ಜಾತಿಯ ಬೀಜಗಳನ್ನು ಅಕ್ಕ ಒಂದೇ ಬೋಗುಣಿಗೆ ಸುರಿದುಬಿಟ್ಟರು. ಎರಡೂ ಕಪ್ಪು, ಎರಡೂ ಗೋಧಿ ಕಾಳಿಗಿಂತ ಚಿಕ್ಕವು. ಬೆಳೆದ ಮೇಲೆ ಒಂದರದು ಕುಡುಗೋಲಿನಂತೆ ಬಾಗಿದ ಸಪೂರ ಎಲೆ, ಇನ್ನೊಂದರದು ಅಂಗೈಯಗಲದ್ದು. ನರ್ಸರಿಯಲ್ಲಿ ಅವುಗಳನ್ನು ಕರೆಯುವುದೂ ಕುಡುಗೋಲು, ಅಗಲೆಲೆ ಎಂದೇ.

"ತಲೆ ಎಲ್ಲಿತ್ತೋ! ಸುರಿದಾದ್ಮೇಲೆ ಇನ್ನೊಂದು ಬೋಗುಣಿ ಎಲ್ಲಿ ಅಂತ ಹುಡುಕ್ತೀನಿ, ಅದು ಖಾಲಿ ಬಿದ್ದಿದೆ. ಮೊಳಕೆ ಬಂದ್ಮೇಲೆ ಆರಿಸಿದ್ರಾಯ್ತು ಅಂತ ಬಾಯಿ ಮುಚ್ಕೊಂಡಿದ್ದೆ."

ಲಾರಿಯ ದಿನ ಗೊತ್ತಾದಾಗ ಬಾಯಿ ಬಿಡಲೇಬೇಕಾಯಿತು. ನರ್ಸರಿಯ ಸಾಹೇಬರು ಇಡೀ ಮಡಿ ಕಿತ್ತೆಸೆಯಿರಿ ಎಂದರು. ಅಕ್ಕ ಎಂಟು ದಿನದ ಗಡುವು ಕೇಳಿದರು. ತಪ್ಪಿದರೆ ಮುಂದಿನ ತಿಂಗಳ ಗುತ್ತಿಗೆ ಪಟ್ಟಿಯಲ್ಲಿ ಹೆಸರಿರುವುದಿಲ್ಲ ಎಂಬ ಮಾತಿನ ಮೇಲೆ ಎಂಟು ದಿನ ಸಿಕ್ಕಿತು. ಇವತ್ತು ಎಂಟನೆಯದು.

ಲಾರಿಗೆ ಬೇಕಿರುವುದು ಎಂಟುನೂರು ಕುಡುಗೋಲು ಸಸಿ. ಕೆಲಸ ನಿಂತುಹೋದ ಕಲ್ಲುಕ್ವಾರಿಯ ಇಳಿಜಾರಿಗೆ ಅವು ಹೋಗುತ್ತವೆ. ಇಳಿಜಾರಿನ ಬುಡದಲ್ಲಿ ಸಾಲುಮನೆಗಳಿವೆ. ಕುಡುಗೋಲು ಜಲ್ಲಿಯಲ್ಲೂ ಬೇರೂರಿ ಮಣ್ಣು ಹಿಡಿಯುತ್ತದೆ. ಅಗಲೆಲೆಗೆ ಆ ಒಣನೆಲ ಆಗಿಬರುವುದಿಲ್ಲ, ಮೊದಲ ಬೇಸಿಗೆಗೇ ಒಣಗುತ್ತದೆ. ಅದು ಒಣಗಿದ ಜಾಗದಲ್ಲಿ ಮಣ್ಣು ಜಾರುತ್ತದೆ.

ತೊಂದರೆ ಏನೆಂದರೆ, ಎಳೆಯದರಲ್ಲಿ ಎರಡಕ್ಕೂ ಒಂದೇ ಮುಖ. ಮೊದಲು ಬರುವುದು ಗರಿಯಂಥ ಸಣ್ಣ ಎಲೆಗಳು. ಆಮೇಲೆ ಗರಿ ಉದುರಿ, ತೊಟ್ಟೇ ಚಪ್ಪಟೆಯಾಗಿ ಎಲೆಯ ಕೆಲಸಕ್ಕೆ ನಿಲ್ಲುತ್ತದೆ. ಕುಡುಗೋಲಿನ ತೊಟ್ಟು ಐದಾರು ಎಲೆ ಆಗುವಷ್ಟರಲ್ಲೇ ಚಪ್ಪಟೆಯಾಗತೊಡಗುತ್ತದೆ. ಅಗಲೆಲೆ ಎಂಟೊಂಬತ್ತು ಎಲೆಯ ತನಕ ಗರಿಯನ್ನು ಬಿಡುವುದಿಲ್ಲ. ಅಕ್ಕ ಎಂಟು ದಿನದಿಂದ ಒಂದೊಂದೇ ಸಸಿಯ ಎಲೆ ಎಣಿಸುತ್ತಾ, ತೊಟ್ಟನ್ನು ಹೆಬ್ಬೆರಳಿನಿಂದ ಸವರುತ್ತಾ ಸುತ್ತುತ್ತಿದ್ದಾರೆ.

ಮನೆಯಲ್ಲೂ ಅದೇ ಕಥೆ. ಟೈಲರ್ ಅಂಗಡಿಯ ಹಿಂದಿನ ಒಂದೇ ಕೋಣೆ. ಅನುಮಾನದ ಹನ್ನೆರಡು ಸಸಿಗಳು ಬ್ರೆಡ್ಡಿನ ಟ್ರೇಯಲ್ಲಿ ಕಿಟಕಿಗೆ ಬಂದು ಕೂತಿವೆ. ಬಸ್ ಡಿಪೋದಲ್ಲಿ ಬಸ್ ತೊಳೆಯುವ ಗಂಡ ಕೇಳುತ್ತಾರೆ, "ಇವಕ್ಕೂ ತಟ್ಟೆ ಹಾಕ್ಲಾ?" ನರ್ಸಿಂಗ್ ಓದುವ ಮಗಳು ತಟ್ಟೆ ಇಡಲು ಜಾಗವಿಲ್ಲದೆ ಪುಸ್ತಕದ ಮೇಲೆ ಇಡುತ್ತಾಳೆ. "ಅಮ್ಮಾ, ಊಟ ಮಾಡ್ವಾಗಾದ್ರೂ ಬೆರಳು ಮಡಚೋದು ಬಿಡು."

ಎಂಟೂವರೆಗೆ ಕೊನೆಯ ಎಣಿಕೆ. ಕುಡುಗೋಲು ಏಳುನೂರ ಅರವತ್ತು. ಅಗಲೆಲೆ ಏಳುನೂರ ಎಪ್ಪತ್ತೇಳು. ಉಳಿದ ಅರವತ್ತಮೂರು ಮರದ ನೆರಳಿಗೆ ಬಿದ್ದು ಬೆಳವಣಿಗೆ ಹಿಂದಾದವು. ನಾಲ್ಕೇ ಎಲೆ. ಏನನ್ನೂ ಹೇಳುತ್ತಿಲ್ಲ.

"ಅತ್ತಿಗೆ, ನಲವತ್ತು ತಾನೇ ಕಡಿಮೆ? ಇದ್ರಲ್ಲೇ ನಲವತ್ತು ತಳ್ಳಿ ಕೈ ತೊಳ್ಕೊಳಿ," ಎನ್ನುತ್ತಾಳೆ ಜತೆಗೆ ಕೆಲಸ ಮಾಡುವ ನಾದಿನಿ. "ಅಲ್ಲಿ ಯಾವನು ಬಂದು ತೊಟ್ಟು ಸವರ್ತಾನೆ?"

ಸಾಹೇಬರೂ ಕೈಗಡಿಯಾರ ನೋಡುತ್ತಾ ಅದನ್ನೇ ಹೇಳುತ್ತಾರೆ. "ನಲವತ್ತು ಹಾಕಮ್ಮ. ಎಂಟುನೂರು ಅಂತ ಬರ್ಕೊಟ್ರೆ ನಿನ್ನ ತಪ್ಪೂ ಮುಗೀತು, ನನ್ನ ತಲೆನೋವೂ ಮುಗೀತು."

ಅಕ್ಕ ಒಂದು ಸಸಿ ಎತ್ತಿಕೊಳ್ಳುತ್ತಾರೆ. ತಿರುಗಿಸಿ ನೋಡುತ್ತಾರೆ. ಲಾರಿಯ ತನಕ ಹೋಗಿ, ಹಲಗೆಗೆ ಚೀಲ ತಾಗಿಸಿ, ಮತ್ತೆ ತಂದು ಕೆಳಗಿಡುತ್ತಾರೆ.

"ಆಗಲ್ಲ ಸಾರ್. ಬೋಗುಣಿ ಹತ್ರ ಗೊತ್ತಿಲ್ದೆ ಬೆರೆಸ್ದೆ. ಈಗ ಗೊತ್ತಿದ್ದೂ ಬೆರೆಸು ಅಂತೀರಾ?"

ಸಾಹೇಬರು ಪೆನ್ನಿನ ಮುಚ್ಚಳ ಕಚ್ಚಿಕೊಂಡು 'ಏಳುನೂರ ಅರವತ್ತು' ಎಂದು ಬರೆದು ಸಹಿ ಹಾಕುತ್ತಾರೆ. ಗುತ್ತಿಗೆ ಪಟ್ಟಿಯ ವಿಷಯ ಎತ್ತುವುದಿಲ್ಲ. ಲಾರಿ ಹೊರಡುತ್ತದೆ.

ನಾದಿನಿ ಹಣೆ ಚಚ್ಚಿಕೊಳ್ಳುತ್ತಾಳೆ. ಅಕ್ಕ ಅರವತ್ತಮೂರು ಚೀಲಗಳನ್ನು ಎರಡೆರಡಾಗಿ ಬಿಸಿಲಿಗೆ ಹೊರುತ್ತಿದ್ದಾರೆ. ಮುಂದಿನ ತಿಂಗಳು ಏನು ಮಾಡುತ್ತೀರಿ ಎಂದರೆ ಕೈ ನಿಲ್ಲಿಸುವುದಿಲ್ಲ.

"ಇನ್ನು ಹತ್ತು ದಿನಕ್ಕೆ ಇವು ತಾವಾಗೇ ಬಾಯಿ ಬಿಡ್ತಾವೆ. ನಾನಿರ್ತೀನೋ ಇಲ್ವೋ. ಆವತ್ತು ಇಲ್ಲಿ ಬಗ್ಗಿ ನೋಡೋರು ಒಬ್ರಾದ್ರೂ ಇರ್ಬೇಕು, ಅಷ್ಟೇ."