ಕುಂಬಳಕಾಯಿಗೊಬ್ಬ ಗಂಡಸು

ನಮ್ಮ ಹೊಸನಗರದ ಕಡೆ ಇಡೀ ಕುಂಬಳಕಾಯಿಗೆ ಮೊದಲ ಏಟನ್ನು ಗಂಡಸೇ ಹಾಕಬೇಕು. ಆಮೇಲೆ ಹೆಚ್ಚುವುದು, ಬೇಯಿಸುವುದು, ಬಡಿಸುವುದು, ಪಾತ್ರೆ ತೊಳೆಯುವುದು ಹೆಂಗಸರಿಗೆ ಉದಾರವಾಗಿ ಬಿಟ್ಟುಕೊಟ್ಟ ವಿಭಾಗಗಳು. ನಲವತ್ತು ವರ್ಷಗಳ ದಾಂಪತ್ಯದಲ್ಲಿ ಅಡುಗೆಮನೆಗೆ ನನ್ನ ಸಮಗ್ರ ಕೊಡುಗೆ ಆ ಒಂದು ಏಟು ಮಾತ್ರ ಎಂದು ನನ್ನಾಕೆ ನೆಂಟರೆದುರು ಹೇಳಿದ್ದನ್ನು ನಾನು ಮರೆತಿಲ್ಲ. ನಾನು ಯಾವುದನ್ನೂ ಮರೆಯುವವನಲ್ಲ, ಓದುಗ ಮಹಾಶಯರೇ: ಸಾಗರದ ಸನ್ಮಾನದಲ್ಲಿ ನನಗೆ ಹೊದಿಸಿದ ಶಾಲನ್ನೇ ಮಡಚಿ ಮುಂದಿನವರಿಗೆ ಹೊದಿಸಿದ್ದು, ತೀರ್ಥಹಳ್ಳಿಯ ಮದುವೆಯೂಟದಲ್ಲಿ ಹೋಳಿಗೆ ನನ್ನ ಎಲೆಯನ್ನು ದಾಟಿ ಪಕ್ಕದೆಲೆಗೆ ಇಳಿದದ್ದು, ಎಲ್ಲವೂ ಸ್ಮೃತಿಕೋಶದಲ್ಲಿ ಸುರಕ್ಷಿತವಾಗಿವೆ.

ಇಂಥ ನನ್ನನ್ನು ಊರಿನ ಕಿರಿಯ ಪ್ರಾಥಮಿಕ ಶಾಲೆಯವರು ‘ಕುಂಬಳಕಾಯಿಯಿಂದ ಕಲಿಕೆ’ ಎಂಬ ಕಾರ್ಯಕ್ರಮಕ್ಕೆ ಕರೆದಾಗ, ನಿವೃತ್ತ ಭೂಮಾಪಕನ ಪಾಂಡಿತ್ಯಕ್ಕೆ ಕಡೆಗೂ ಮನ್ನಣೆ ದೊರೆಯಿತೆಂದು ಭಾವಿಸಿ, ಗೋಳಾಕಾರದ ವಸ್ತುಗಳ ಮಾಪನವನ್ನು ಕುರಿತು ನಾಲ್ಕು ಪುಟಗಳ ಭಾಷಣ ಬರೆದುಕೊಂಡು, ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಹೊರಟೆ. ಅಷ್ಟರಲ್ಲಿ ಮಕ್ಕಳು ಕಾಯಿಗೆ ದಾರ ಸುತ್ತಿ ಅಳೆದು, ನೀರಿನಲ್ಲಿ ತೇಲಿಸಿ ಕೇಕೆ ಹಾಕಿ ಮುಗಿಸಿದ್ದರು. ನಾನು ಗಂಟಲು ಸರಿಪಡಿಸಿಕೊಂಡೆ.

“ಭಾಷಣ ಆಮೇಲೆ ಸಾರ್,” ಎಂದರು ಟೀಚರ್. “ಮೊದ್ಲು ಕಾಯಿ ಒಡ್ದುಕೊಡಿ. ಇಲ್ಲಿ ಗಂಡಸ್ರೇ ಇಲ್ಲ.”

ಅಡುಗೆಯ ಗಿರಿಜಮ್ಮ ಕತ್ತಿ ಚಾಚಿದರು. “ಪೋಸ್ಟ್‌ಮ್ಯಾನ್ ಇವತ್ತು ರಜೆ ಸಾರ್. ಇಲ್ದಿದ್ರೆ ನಿಮಗೆ ತೊಂದ್ರೆ ಕೊಡ್ತಿರ್ಲಿಲ್ಲ.”

ಅಂದರೆ ಅವರಿಗೆ ಬೇಕಾಗಿದ್ದುದು ನನ್ನ ಮೆದುಳಲ್ಲ, ಮೀಸೆ. ಆ ಸಿಟ್ಟಿನಲ್ಲಿ ಬೀಸಿದ ಏಟಿಗೆ ಕಾಯಿ ಇಬ್ಭಾಗವಾಯಿತು. ಟೀಚರು ಹೇಳಿದ ‘ಆಮೇಲೆ’ ಮಾತ್ರ ಬರಲಿಲ್ಲ. ಮಕ್ಕಳು ಬೀಜಗಳ ಮೇಲೆ ಮುಗಿಬಿದ್ದು ಹತ್ತು ಹತ್ತರ ಗುಂಪು ಮಾಡತೊಡಗಿದರು. ಮೊದಲ ಎಣಿಕೆಗೆ ಮುನ್ನೂರ ಹನ್ನೆರಡು. ನಾನೂ ನೆಲಕ್ಕೆ ಮೊಣಕೈ ಊರಿ ಬಗ್ಗಿ ಪರಿಶೀಲಿಸಿದೆ. ಎರಡನೆಯ ಎಣಿಕೆಗೆ ಮುನ್ನೂರ ಹನ್ನೊಂದು!

ಕಳೆದ ಮಾನವನ್ನು ಮರಳಿ ಪಡೆಯಲು ಇದಕ್ಕಿಂತ ಸುಸಂದರ್ಭವುಂಟೆ? ಹೊಲದ ಗಡಿಯಲ್ಲಿ ಗೇಣು ನೆಲವನ್ನೂ ಬಿಡದಿದ್ದ ನಾನು ಒಂದು ಬೀಜವನ್ನು ಬಿಟ್ಟೇನೆ? ಎರಡನೆಯ ತರಗತಿಯ ಸಿಂಚನಾಳ ಕೆನ್ನೆ ಉಬ್ಬಿದ್ದು ಕಣ್ಣಿಗೆ ಬಿತ್ತು.

“ಬೀಜ ತಿಂದ್ಯಾ?”

“ಇಲ್ಲ. ಪೇರಲೆಹಣ್ಣು.”

“ಬಾಯಿ ತೆಗಿ.”

ಎಲ್ಲರೆದುರೂ ತೆಗೆದಳು. ಪೇರಲೆಯೇ. ಬಾಯಿ ಮುಚ್ಚಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ಸರ್ವೆ ಮಾಡಿ, “ಅಜ್ಜ, ನೀವು ಕೈ ತಿರುಗ್ಸಿ,” ಎಂದಳು.

ನನ್ನ ಜುಬ್ಬಾದ ಮೊಣಕೈಗೆ ಮುನ್ನೂರ ಹನ್ನೆರಡನೆಯದು ಅಂಟಿಕೊಂಡಿತ್ತು. ಗಿರಿಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಸಿಟ್ಟು ಬಂತಾ ಮಗಾ?” ಎಂದೆ, ಹೊರಡುವಾಗ.

“ಹೂಂ. ನಾ ಮರೆಯಲ್ಲ.”

ಆ ದನಿ ನನಗೆ ಚಿರಪರಿಚಿತ, ನನ್ನದೇ. ನನ್ನ ಪಟ್ಟಿಯಲ್ಲಿ ಊರಿನ ಅರ್ಧ ಜನರಿದ್ದಾರೆ. ಇನ್ನೊಬ್ಬರ ಪಟ್ಟಿಯಲ್ಲಿ ನಾನೂ ಇರಬಹುದೆಂದು ಮಾತ್ರ ಇಷ್ಟು ವರ್ಷ ಹೊಳೆದಿರಲಿಲ್ಲ.

ಈ ಬೆಳಿಗ್ಗೆ ನನ್ನಾಕೆ ಎಂದಿನಂತೆ ಕುಂಬಳಕಾಯಿಯನ್ನು ಮುಂದಿಟ್ಟಳು. ಒಡೆದುಕೊಟ್ಟೆ. ಆಮೇಲೆ, ಚಟ್ನಿಗೆಂದು ತೆಗೆದಿಟ್ಟ ತೆಂಗಿನಕಾಯಿಯ ಹೋಳು ಯಾರು ತಿಂದರೆಂದು ಗುಡುಗುವ ಮೊದಲು, ಎರಡೂ ಮೊಣಕೈಗಳನ್ನು ತಿರುಗಿಸಿ ನೋಡಿಕೊಂಡೆ.