ಮೂಲೆಯಲ್ಲಿ ಕಂಬವಿಲ್ಲದ ಕಟ್ಟಡ

ಸಾಫ್ಟ್‌ವೇರ್ ಸುಗ್ಗಿಯ ಆ ವರ್ಷಗಳಲ್ಲಿ ಫ್ರೀಮಾಂಟಿನ ಯಾವ ಕನ್ನಡಿಗರ ಮನೆಗೆ ಊಟಕ್ಕೆ ಹೋದರೂ ಮೊದಲ ಪ್ರಶ್ನೆ ಒಂದೇ: "ಯಾವ ಸ್ಟಾರ್ಟಪ್ಪು?" ಕಟ್ಟಡಗಳಿಗೆ ಉಕ್ಕಿನ ಲೆಕ್ಕ ಹಾಕುವವನು ನಾನು ಎಂದರೆ, "ಓ, ಸಿವಿಲ್ಲಾ? ಜಾವಾ ಕಲ್ತ್ಕೊಂಡ್ಬಿಡಿ ಗುರೂ, ಮೂರು ತಿಂಗಳು ಸಾಕು" ಎಂದು ಸಾರಿನ ಪಾತ್ರೆಯನ್ನು ನನ್ನ ಕಡೆ ತಳ್ಳುತ್ತಿದ್ದರು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಮಂಡ್ಯದ ಹತ್ತಿರದ ಹಳ್ಳಿಯಿಂದ ಬಂದು, ಒಂದೇ ವಿಷಯದಲ್ಲಿ ಎರಡು ಸಲ ಫೇಲಾಗಿ, ಹಟ ಹಿಡಿದು ಗಳಿಸಿದ ಡಿಗ್ರಿ. ಮೂರು ತಿಂಗಳಲ್ಲಿ ಬಿಟ್ಟುಕೊಡುವಂಥದ್ದಲ್ಲ.

ಆಗ ನಮ್ಮ ಆಫೀಸಿಗೆ ಬಂದಿದ್ದ ಕೆಲಸ, ಲಾಸ್ ಆಲ್ಟೋಸ್ ಕಡೆಯ ಗುಡ್ಡದ ಮೇಲೆ ಆಧುನಿಕ ಜಪಾನಿ ಚಿತ್ರಗಳಿಗೊಂದು ಪ್ರದರ್ಶನ ಮಂದಿರ. ಅದರ ವಾಸ್ತುಶಿಲ್ಪಿ ಜಪಾನಿನವರು. ಬಿಳಿ ಕಾಗದದ ಮಾದರಿಯನ್ನು ಮೇಜಿನ ಮೇಲಿಟ್ಟು, ತೋಟದ ಕಡೆಯ ಮೂಲೆಯಲ್ಲಿದ್ದ ಕಡ್ಡಿಯನ್ನು ಎರಡು ಬೆರಳಲ್ಲಿ ಕಿತ್ತು ಜೇಬಿಗೆ ಹಾಕಿಕೊಂಡರು. ಅಲ್ಲಿ ಕಂಬ ಇರಕೂಡದು. ಗಾಜಿಗೆ ಗಾಜೇ ಕೂಡಬೇಕು, ಒಳಗೆ ಕೂತವರಿಗೆ ತೋಟ ತುಂಡಾಗದೆ ಕಾಣಬೇಕು. ಸೂರು ಹಾಳೆಯಷ್ಟು ತೆಳ್ಳಗೆ. ಭೂಮಿ ನಡುಗುವ ಊರಿನಲ್ಲಿ!

ಇಡೀ ಚಳಿಗಾಲ ಆ ಮೂಲೆಯೊಂದಿಗೆ ಗುದ್ದಾಡಿದೆ. ಕೊನೆಗೆ ಹಿಂದಿನ ಕಾಂಕ್ರೀಟ್ ಗೋಡೆಯಿಂದ ಚಾವಣಿಯ ಒಳಗೊಳಗೇ ಉಕ್ಕಿನ ತೊಲೆಗಳನ್ನು ಚಾಚಿ ಆ ಮೂಲೆಯನ್ನು ಎತ್ತಿ ಹಿಡಿದೆ. ಕೆಳಗಿನಿಂದ ಮರದ ಹಲಗೆ ಹೊಡೆದು ಮುಚ್ಚಿದ ದಿನ ನನ್ನ ಕೆಲಸವೆಲ್ಲ ಕಣ್ಮರೆಯಾಯಿತು.

ಕಟ್ಟಡ ತೆರೆದ ಮೊದಲ ಭಾನುವಾರವೇ, ಊರಿನಿಂದ ಬಂದಿದ್ದ ಅವ್ವನನ್ನು ಕರೆದುಕೊಂಡು ಹೋದೆ. ನಾನು ಮಾಡಿದ್ದನ್ನು ಅವಳು ಕಣ್ಣಾರೆ ನೋಡಬೇಕಿತ್ತು, ಅಷ್ಟೇ. ನಮ್ಮ ಮನೆಯಲ್ಲಿ ಹೊಸ ಕಟ್ಟಡದ ಕಂಬಕ್ಕೆ ಕುಂಕುಮ ಇಟ್ಟು ಕೈಮುಗಿದೇ ಒಳಗೆ ಕಾಲಿಡುವುದು. ಅವ್ವ ಕುಂಕುಮದ ಡಬ್ಬಿಯನ್ನು ಸೆರಗಿಗೆ ಕಟ್ಟಿಕೊಂಡೇ ಬಂದಿದ್ದಳು.

ಕಾಂಕ್ರೀಟ್ ಸುರಿದಾಗಿನ ಅಚ್ಚಿನ ಹಲಗೆಗಳ ಗೆರೆ ಮೂಡಿದ್ದ ಹೊರಗಿನ ಬೋಳು ಗೋಡೆಯನ್ನು ಸವರಿ ಕೇಳಿದಳು: "ಇನ್ನೂ ಗಾರೆ ಮಾಡಿಲ್ವಾ?"

"ಅದು ಹಿಂಗೇ ಅವ್ವಾ. ಬೇಕಂತ್ಲೇ ಬುಟ್ಟಿರದು."

"ಬೇಕಂತ್ಲೇ ಯಾರಾದ್ರೂ ಅರ್ಧಕ್ಕೆ ಬುಡ್ತಾರಾ?"

ಬಾಗಿಲಿಗೆ ಹೋಗುವ ದಾರಿ ಆ ಮೂಲೆಯ ಸೂರಿನ ಕೆಳಗೇ. ಅದರ ಅಂಚಿಗೆ ಬಂದವಳು ನಿಂತೇಬಿಟ್ಟಳು. "ಕಂಬ ಎಲ್ಲೈತ್ಲಾ?"

"ಇಲ್ಲ. ಅದೇ ನನ್ ಕೆಲ್ಸ."

"ಕಂಬ ಇಲ್ದಂಗೆ ಮಾಡದೂ ಒಂದು ಕೆಲ್ಸವಾ?"

ಗೋಡೆ, ತೊಲೆ, ಭಾರ ಎಂದು ಕೈಯಾಡಿಸಿ ವಿವರಿಸಿದೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು, ಚಾವಣಿಯನ್ನಲ್ಲ. ನಮ್ಮ ಹಿಂದೆ ಜನ ಸಾಲುಗಟ್ಟಿದರು. ನನಗೆ ರೇಗಿಹೋಯಿತು.

"ಬೀಳಕಿಲ್ಲ ಅವ್ವಾ! ಲೆಕ್ಕ ಹಾಕಿದೋನು ನಾನೇ."

"ಅಂಗಾದ್ರೆ ನೀನೇ ಮೊದ್ಲು ಹೋಗಿ ಆ ಮೂಲೇಲಿ ನಿಂತ್ಕೊ."

ಹೋಗಿ ನಿಂತೆ. ಅವಳು ಮೇಲೆ ನೋಡುತ್ತ, ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ಡಬ್ಬಿ ತೆರೆದು, ಕುಂಕುಮದ ಬೆರಳನ್ನು ಗಾಜಿನ ಕಡೆ ಎತ್ತಿದಳು.

"ಗಾಜು ಮುಟ್ಬ್ಯಾಡ!" ಕಾವಲಿನವನು ಆಗಲೇ ಇತ್ತ ನೋಡುತ್ತಿದ್ದ.

ಅವಳು ಸುತ್ತ ಕಣ್ಣಾಡಿಸಿದಳು. ಬೆರಳಿಡಲು ಎಲ್ಲೂ ಜಾಗವಿರಲಿಲ್ಲ. ಅದನ್ನು ನನ್ನ ಹಣೆಗೇ ಒತ್ತಿ, ಕೈಮುಗಿದು, ಒಳಗೆ ನಡೆದಳು.

ಅಲ್ಲಿ ಬೆಳಕು ಬರುವುದು ಗೋಡೆಯ ಬುಡದಲ್ಲಿರುವ ಸಣ್ಣ ಕಿಂಡಿಗಳಿಂದ. ನೆಲದ ಮೇಲೆ ಹರಿದು ಚಿತ್ರಗಳ ಮೇಲಕ್ಕೆ ಮೆಲ್ಲಗೆ ಏರುತ್ತದೆ. ತಗ್ಗಿನ ಬೆಂಚಿನ ಮೇಲೆ ಕೂತು ಅವ್ವ ಬಹಳ ಹೊತ್ತು ನೋಡಿದಳು. "ಬೆಳಕು ಚಂದಾಗೈತೆ ಮಗಾ," ಎಂದಳು. ಬೆಳಕು ನನ್ನ ಕೆಲಸವಲ್ಲ. ಚಾವಣಿಯ ಕಡೆ ಅವಳು ಇನ್ನೊಮ್ಮೆ ತಲೆಯನ್ನೂ ಎತ್ತಲಿಲ್ಲ.

ಸಂಜೆ ಅಪಾರ್ಟ್‌ಮೆಂಟಿನಲ್ಲಿ ಫೋನ್ ಕಾರ್ಡಿನ ನಂಬರು ಒತ್ತಿ ಊರಿನ ಚಿಕ್ಕಮ್ಮನಿಗೆ ಕರೆ ಮಾಡಿಕೊಟ್ಟೆ. ಅಡುಗೆಮನೆಗೆ ಅವ್ವನ ದನಿ ಕೇಳುತ್ತಿತ್ತು: "ಭಾರೀ ಕಟ್ಟಡ ಕಣೇ. ಆದ್ರೆ ಒಂದು ಮೂಲೇಲಿ ಕಂಬ ಇಡದ್ನೇ ಮರ್ತವ್ರೆ."

"ಮರ್ತಿಲ್ಲ ಅವ್ವಾ! ಒಳಗೆ ಉಕ್ಕೈತೆ!" ಕೂಗಿಕೊಂಡೇ ಹೊರಗೆ ಬಂದೆ.

ಅವಳು ರಿಸೀವರಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದಳು: "ಸುಮ್ಕಿರ್ಲಾ. ಜಪಾನಿನೋನ್ ತಪ್ಪು ಅಂತ್ಲೇ ಹೇಳಿವ್ನಿ. ನಿನ್ ಹೆಸ್ರೇ ಎತ್ತಿಲ್ಲ."