ಚಿಪೋ ಅಜ್ಜಿಯ ದನಿಯ ಏರಿಳಿತ

ದೂರದೇಶದ ವಾಟರ್‌ಫರ್ಡ್ ಊರಿನಲ್ಲಿ ವಂದನಾಳ ಪಕ್ಕದ ಮನೆಯಲ್ಲಿದ್ದ ಚಿಪೋ ಅಜ್ಜಿ ಜಿಂಬಾಬ್ವೆಯವರು. ಅಲ್ಲಿ ಚರ್ಚಿನ ಮಕ್ಕಳಿಗೆ ಹಾಡು ಕಲಿಸುತ್ತಿದ್ದವರು, ಗಂಡ ತೀರಿಕೊಂಡ ಮೇಲೆ ನರ್ಸಾಗಿದ್ದ ಮಗಳು ರೂಡೋಳ ಜೊತೆ ಇರಲು ಬಂದಿದ್ದರು. ಮೊಮ್ಮಗಳು ನ್ಯಾಶಾ ಹುಟ್ಟಿದ್ದು ಇಲ್ಲೇ.

ಮೈಸೂರಿನ ವಂದನಾಳದು ಮಾತು ಗುರುತಿಸುವ ಸಾಫ್ಟ್‌ವೇರಿನ ಕೆಲಸ. ಲಾಕ್‌ಡೌನಿನಲ್ಲಿ ಮನೆಯಿಂದಲೇ ಮಾಡುವಂತಾದಾಗ, ಅದಕ್ಕೆಂದು ಬೇಲಿಯಾಚೆಯಿಂದ ಅಜ್ಜಿ ಮತ್ತು ರೂಡೋ ಆಡುವ ಶೋನಾ ಮಾತನ್ನು ರೆಕಾರ್ಡ್ ಮಾಡಿಕೊಂಡಳು. ಆ ಭಾಷೆಯಲ್ಲಿ ಒಂದೇ ಪದವನ್ನು ದನಿ ಏರಿಸಿ ಅಂದರೆ ಒಂದರ್ಥ, ಇಳಿಸಿ ಅಂದರೆ ಇನ್ನೊಂದು.

ಪರದೆಯ ಮೇಲೆ ಅಮ್ಮ, ಮಗಳ ದನಿಗಳ ಏರಿಳಿತದ ಗೆರೆಗಳನ್ನು ಒಟ್ಟಿಗಿಟ್ಟು ನೋಡಿದ ವಂದನಾ ಗಂಡನನ್ನು ಕೂಗಿದಳು. "ದಿಲೀಪ್, ಬಾರೋ ಇಲ್ಲಿ! ವಯಸ್ಸಾಗಿ ಅಜ್ಜಿ ದನಿ ಪೂರ್ತಿ ಕೆಳಗಿಳಿದಿದೆ, ನಡುಗ್ತಿದೆ. ಆದ್ರೆ ಏರಿಗೂ ಇಳಿವಿಗೂ ನಡುವಿನ ಅಂತರ ನೋಡು, ಮಗಳದ್ದು ಎಷ್ಟಿದ್ಯೋ ಇವರದ್ದೂ ಅಷ್ಟೇ ಇದೆ!"

ನ್ಯಾಶಾಳದೇ ಬೇರೆ. ಅಜ್ಜಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ. ಬಲವಂತಕ್ಕೆ ಶೋನಾ ಆಡಿದರೂ ಮಾತಿನ ಕೊನೆಯನ್ನು ವಾಟರ್‌ಫರ್ಡಿನ ಮಕ್ಕಳಂತೆ ಎಳೆದು ಏರಿಸುತ್ತಿದ್ದಳು.

ಮರುವರ್ಷ ಜನವರಿಯಲ್ಲಿ ಅಜ್ಜಿಗೆ ಕೋವಿಡ್ ಬಂತು. ವೆಂಟಿಲೇಟರ್ ಹಾಕಿದರು. ಅದನ್ನು ತೆಗೆದ ಮಧ್ಯಾಹ್ನ ಆಸ್ಪತ್ರೆಯಿಂದ ವಿಡಿಯೋ ಕಾಲ್ ಬಂದಾಗ ರೂಡೋ ನ್ಯಾಶಾಳನ್ನೂ ಕರೆದುಕೊಂಡು ಹಿತ್ತಲಿಗೆ ಓಡಿ ಬಂದು, ಬೇಲಿಯಾಚೆಗಿದ್ದ ವಂದನಾಳಿಗೂ ಕಾಣುವಂತೆ ಫೋನ್ ಹಿಡಿದಳು. ಅಜ್ಜಿಯ ತುಟಿ ಅಲುಗಿತು. ಪದ ಒಂದೂ ಹೊರಡಲಿಲ್ಲ. ಗಂಟಲಿನಿಂದ ಬರೀ ಒಂದು ಗುನುಗು, ಮೇಲೆ ಹತ್ತಿ ಕೆಳಗಿಳಿಯಿತು.

"ಏನಮ್ಮಾ? ಗೊತ್ತಾಗ್ತಿಲ್ಲ," ಎಂದು ರೂಡೋ ಅಳತೊಡಗಿದಳು.

"ನಾನು ಊಟ ಮಾಡಿದ್ನಾ ಅಂತ ಕೇಳ್ತಿದಾರೆ," ಎಂದಳು ನ್ಯಾಶಾ.

"ನಿನಗೆ ಹೇಗೆ ತಿಳೀತು?"

"ದಿನಾ ಹಾಗೇ ಕೇಳ್ತಿದ್ರಲ್ಲಾ!"

ಅಜ್ಜಿ ಹೌದೆಂದು ಕಣ್ಣು ಮುಚ್ಚಿ ತೆರೆದರು. ಅಕ್ಷರಗಳೆಲ್ಲ ಉದುರಿಹೋದ ಮೇಲೂ ಮಾತು ಉಳಿದಿತ್ತು. ಅದು ತಲುಪಬೇಕಾದವಳನ್ನು ತಲುಪಿತ್ತು. ಇಷ್ಟು ತಿಂಗಳು ಪರದೆಯ ಮೇಲೆ ಗೆರೆಯಾಗಿ ನೋಡಿದ್ದು ಇದನ್ನೇನಾ ಎಂದು ವಂದನಾ ಬೇಲಿ ಹಿಡಿದು ನಿಂತುಬಿಟ್ಟಳು.

ನ್ಯಾಶಾ ಫೋನಿನ ಹತ್ತಿರ ಬಾಗಿ, ಶೋನಾದಲ್ಲೇ, ಊಟ ಆಯಿತು ಎಂದಳು. ಕೊನೆ ಎಂದಿನಂತೆ ಏರಿತು. ಅಜ್ಜಿಯ ತುಟಿಯಂಚಿನಲ್ಲಿ ನಗೆ ಮೂಡಿತು.

ವಸಂತದಲ್ಲಿ ಅವರು ಮನೆಗೆ ಬಂದರು. ದನಿ ಮೊದಲಿನಂತಾಗಲಿಲ್ಲ. ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತು, ಮೊಮ್ಮಗಳು ಆಡುವ ಒಂದೊಂದು ಮಾತಿಗೂ ಕೈಯನ್ನು ಏರಿಸಿ ಇಳಿಸಿ ತಿದ್ದುತ್ತಿದ್ದರು. ನ್ಯಾಶಾ ಆ ಕೈಯನ್ನೇ ನೋಡುತ್ತ ಮತ್ತೆ ಮತ್ತೆ ಹೇಳುತ್ತಿದ್ದಳು.